ಪೂಜೆ ಆದ ಮೇಲೆ ಬರುವ ಬೈಕುಗಳು

ಘಣಸೋಲಿಯ ಹಳೇ ಊರಿನ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೆಕ್ಯಾನಿಕ್ ರೇವಣಸಿದ್ದ ಗ್ಯಾರೇಜಿನ ಶಟರ್ ಅರ್ಧ ಎತ್ತಿ ಹೊರಗೆ ಇಣುಕುತ್ತಾರೆ, ಇಣುಕಿದವರೇ ಹಣೆ ಚಚ್ಚಿಕೊಳ್ಳುತ್ತಾರೆ. ಎದುರಿಗೆ ಒಂದು ಸೆಕೆಂಡ್ ಹ್ಯಾಂಡ್ ಬೈಕು. ಹೆಡ್‌ಲೈಟಿಗೆ ಕುಂಕುಮ, ಹ್ಯಾಂಡಲಿಗೆ ದಪ್ಪನೆಯ ಚೆಂಡುಹೂವಿನ ಮಾಲೆ, ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ. ಪಕ್ಕದಲ್ಲಿ ಲೋಡಿಂಗ್ ಕೆಲಸದ ಭೀಮು, ಅವನ ಹೆಂಡತಿ ಮಲ್ಲಿಕಾ.

"ಪೂಜಿ ಆತೇನು?"

"ನಿನ್ನೆ ಸಂಜೀಕ ಆತ್ರಿ ಕಾಕಾ. ಈಗ ನೀವೊಮ್ಮೆ ಚೆಕ್ ಮಾಡಿ ಓಕೆ ಅಂದ್ರ ಮುಗೀತು."

"ಅಕ್ಕಿಕಾಳು ಬಿದ್ದಮ್ಯಾಲ ವರಾ ನೋಡಾಕ ಕರದಂಗ ಆತಲ್ಲೋ ತಮ್ಮಾ."

ಇದು ಈ ಗ್ಯಾರೇಜಿನ ನಿತ್ಯದ ಗೋಳು. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ದುಡಿಯುವ ಮಂದಿ ಹಳೇ ಬೈಕು ಕೊಳ್ಳುವಾಗ ಡೊಂಬಿವಲಿ, ಕಲ್ಯಾಣದಿಂದಲೂ ಇವರನ್ನೇ ಹುಡುಕಿಕೊಂಡು ಬರುತ್ತಾರೆ. ಆದರೆ ಬರುವುದು ಮುಂಗಡ ಕೊಟ್ಟು, ಕಾಯಿ ಒಡೆದು, ಊರಿಗೆ ಫೋಟೊ ಕಳಿಸಿದ ಮೇಲೆ. ಆಮೇಲೆ ಬೈಕಿನಲ್ಲಿ ಏನೇ ಕಂಡರೂ ಯಾರೂ ಹಿಂದಿರುಗಿಸುವುದಿಲ್ಲ.

ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು ರೇವಣಸಿದ್ದ. ಇಟ್ಟಿಗೆ ಹೊತ್ತು ಬೆನ್ನು ಸೋತಾಗ ಠಾಣೆಯ ಗ್ಯಾರೇಜೊಂದರಲ್ಲಿ ನಟ್ಟು ಬೋಲ್ಟು ತೊಳೆಯುತ್ತಾ ಮೆಕ್ಯಾನಿಕ್ ಆದರು. ರಿಪೇರಿಗೆ ಕಾಸು ಸಿಗುತ್ತದೆ, ಬೈಕು ನೋಡಿ ಹೇಳುವುದಕ್ಕೆ ಬರೀ ಚಹಾ. ಕೆಟ್ಟ ಸುದ್ದಿ ಹೇಳಿದರೆ ಅದೂ ಇಲ್ಲ. ಮಾರಿದವನು ಬಂದು ಜಗಳ ತೆಗೆಯುತ್ತಾನೆ, ಕೊಂಡವನು "ಇವರ ಬಾಯಾಗ ಒಳ್ಳೇದ ಬರೂದಿಲ್ಲ" ಎಂದು ಗೊಣಗುತ್ತಾನೆ. ಮನೆಯಲ್ಲಿ ಹೆಂಡತಿ ಅನಸೂಯಮ್ಮನ ದೂರು ಬೇರೆ: "ಊರ ಮಂದಿ ಗಾಡಿ ಎಲ್ಲಾ ನೋಡ್ತಾರ. ನಮ್ಮ ಮನ್ಯಾಗಿನ ಫ್ಯಾನ್ ನೋಡಂದ್ರ ಟೈಮಿಲ್ಲ."

ಮಾರಿದವನು ಕೊಟ್ಟ ಕಾಗದಗಳನ್ನು ರೇವಣಸಿದ್ದ ಬೈಕಿನ ಸೀಟಿನ ಮೇಲೆ ಹರಡುತ್ತಾರೆ. ಹೊಗೆ ತಪಾಸಣೆಯ ಚೀಟಿ ಮೊನ್ನೆಯದೊಂದು, ಅದರ ಹಿಂದಿನದು ಎರಡು ವರ್ಷ ಹಳೆಯದು. ಸರ್ವಿಸ್ ಪುಸ್ತಕವೂ ಅಲ್ಲಿಗೇ ನಿಂತಿದೆ.

"ಮಾರಿದಾಂವ ಏನಂದ?"

"ದಿನಾ ಡ್ಯೂಟಿಗೆ ಹೊಡೀತಿದ್ದನಂತ್ರಿ. ನಮ್ಮ ಬಾಜೂ ಊರಾಂವ, ಸುಳ್ಳ್ಯಾಕ ಹೇಳ್ತಾನ?"

"ದಿನಾ ಓಡೂ ಗಾಡಿ ಎರಡು ವರ್ಷ ಚೆಕಿಂಗಿಗೆ ಹೋಗಿಲ್ಲ, ಸರ್ವಿಸಿಗೂ ಹೋಗಿಲ್ಲ. ಎಲ್ಲೋ ಬಿದ್ದಿತ್ತು ಇದು. ಯಾಕ ಬಿದ್ದಿತ್ತು ನೋಡೂಣು. ಆ ಮಾಲಿ ತೆಗಿ."

ಭೀಮು ಕೈ ಮುಂದೆ ಮಾಡುವುದಿಲ್ಲ. ಪೂಜೆಯ ಮಾಲೆ ಬಾಡುವ ಮುಂಚೆ ತೆಗೆಯಬಾರದಂತೆ. ರೇವಣಸಿದ್ದ ಸ್ಕ್ರೂಡ್ರೈವರಿನಿಂದಲೇ ಹೂವು ಸರಿಸಿ ಟಾರ್ಚ್ ಬಿಡುತ್ತಾರೆ. ಹ್ಯಾಂಡಲಿನ ಕೆಳಗೆ, ಬೈಕಿನ ಕುತ್ತಿಗೆಯ ಸುತ್ತ ಮಾತ್ರ ಹೊಸ ಬಣ್ಣ. ಕೆರೆದರೆ ಒಳಗೆ ಒರಟು ವೆಲ್ಡಿಂಗ್.

"ಜೋರ್ ಬಡಿದು ಮುರಿದೈತಿ. ಬೆಸುಗಿ ಹಾಕ್ಯಾರ. ರೋಡಿನ್ಯಾಗ ಒಂದು ದೊಡ್ಡ ಖಡ್ಡಾ ಸಿಕ್ಕರ ಹ್ಯಾಂಡಲ್ ಕೈಯಾಗ ಬರ್ತದ."

ಮಲ್ಲಿಕಾಗೆ ಸೀವುಡ್ಸ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ಬೆಳಗಿನ ಪಾಳಿ. ನಾಳೆಯಿಂದ ಪಾಮ್ ಬೀಚ್ ರಸ್ತೆಯ ಕತ್ತಲಲ್ಲಿ ಇದೇ ಬೈಕಿನಲ್ಲಿ ಅವಳನ್ನು ಬಿಡಬೇಕೆಂಬುದು ಭೀಮುವಿನ ಲೆಕ್ಕ. ಆದರೂ ಅವನು ರಾಗ ಎಳೆಯುತ್ತಾನೆ: "ಪೂಜಿ ಆದ ಗಾಡಿ ಹೆಂಗ ತಿರಗಿ ಕೊಡೂದ್ರೀ ಕಾಕಾ? ಅಪಶಕುನ ಆಗ್ತದ."

ರೇವಣಸಿದ್ದ ಟಾರ್ಚನ್ನು ಪೆಟ್ಟಿಗೆಗೆ ಎಸೆಯುತ್ತಾರೆ. "ನನ್ನ ಯಾಕ ಕೇಳಾಕ ಬರ್ತೀರಿ ಹಂಗಾರ? ಪೂಜಾರಿನ್ನ ಕೇಳ್ರಿ, ಬ್ರೇಕೂ ಅವನ ಹಾಕ್ಲಿ."

ಮಲ್ಲಿಕಾ ಮುಂದೆ ಬಂದು ಮಾಲೆ ಬಿಚ್ಚಿ ಶಟರಿನ ಮೊಳೆಗೆ ಸಿಕ್ಕಿಸುತ್ತಾಳೆ. "ಅಪಶಕುನ ನನ್ನ ಮ್ಯಾಲ ಇರ್ಲಿ. ಹಿಂದ ಕುಂದ್ರಾಕಿ ನಾನು. ನಡೀರಿ, ಕೊಟ್ಟು ಬರೂಣು."

ಗಂಡ ಹೆಂಡತಿ ಬೈಕನ್ನು ಓಡಿಸದೆ ತಳ್ಳಿಕೊಂಡು ಹೊರಡುತ್ತಾರೆ. ಅವರು ಗಲ್ಲಿಯ ತಿರುವು ದಾಟುವವರೆಗೂ ರೇವಣಸಿದ್ದ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಟೂಲ್‌ಗಳ ಹಲಗೆಯ ಮೇಲಿಂದ ಧೂಳು ಹಿಡಿದ ತೆಂಗಿನಕಾಯಿಯೊಂದನ್ನು ಇಳಿಸಿ ಒರೆಸುತ್ತಾ, ಅವರ ಕೆಲಸ ನೋಡಲೆಂದು ಬಂದು ಕೂತಿದ್ದ ನನ್ನತ್ತ ತಿರುಗುತ್ತಾರೆ.

"ಪೂಜಿ ಮಾಡಬ್ಯಾಡ್ರಿ ಅನ್ನಂಗಿಲ್ರೀ ನಾ. ಒಬ್ಬರಾದರೂ ಮೊದಲ ಇಲ್ಲಿಗೆ ಬರ್ಲಿ, ಗಾಡಿ ಚಲೋ ಇದ್ರ ನನ್ನ ಕೈಲೇ ಕಾಯಿ ಒಡಿಬೇಕು ಅಂತ ಆಸೆ. ಅದಕ್ಕಂತ ತಂದಿಟ್ಟಿದ್ದೆ."

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗಡಗಡ ಸದ್ದು.

"ನೋಡ್ರಿ, ಕಾಯ್ದು ಕಾಯ್ದು ಕೊಬ್ಬರಿ ಆಗೇತಿ."