ಇಂದೂ ಅತ್ತೆ ಕಲಿತದ್ದೆಲ್ಲಿ

ಸೊಲ್ಲಾಪುರದ ಯಾವುದಾದರೂ ಅಂಗಡಿಯ ಕೆಂಡದಿಂದ ರಾಳದ ಹೊಗೆ ಎದ್ದರೆ ಉಳಿದವರಿಗೆ ದೇವರಮನೆ ನೆನಪಾಗುತ್ತದೆ. ನನಗೆ ನಮ್ಮ ಬಟ್ಟೆ ಅಂಗಡಿಯ ಮೇಲಿನ ಮಹಡಿ. ತಂದೆಯ ತಂಗಿ ಇಂದೂ ಅತ್ತೆ ಅಲ್ಲಿ ಬ್ಯಾಲೆ ಕಲಿಸುತ್ತಿದ್ದಳು. ಕಾಲು ಜಾರದಿರಲೆಂದು ರಾಳವನ್ನು ಕುಟ್ಟಿ ತಟ್ಟೆಯಲ್ಲಿ ಹರವುತ್ತಿದ್ದಳು. ಹುಡುಗಿಯರು ಅದನ್ನು ತುಳಿದು, ಸೀರೆ ಇಳಿಬಿಡುವ ಉದ್ದನೆಯ ಕೋಲು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ತನ್ನ ಬೂಟಿನ ತುದಿಗೆ ಚಾದರದ ನೂಲಿನ ತುಣುಕು ತುರುಕಿಕೊಂಡು ಅವಳು ಕಾಲ್ಬೆರಳ ತುದಿಯ ಮೇಲೆ ಏರಿದಾಗ, ಹೊಸ ಬಟ್ಟೆಯ ಗಂಜಿವಾಸನೆಯ ಆ ಮಹಡಿಯಲ್ಲಿ ಮಾತು ನಿಂತುಹೋಗುತ್ತಿತ್ತು. ಮುಂಬಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಪರದೇಶದ ಶಿಕ್ಷಕಿಯೊಬ್ಬರಲ್ಲಿ ಐದು ವರ್ಷ ಕಲಿತದ್ದಾಗಿಯೂ, ಅವರ ತಂಡದೊಡನೆ ರಂಗದ ಮೇಲೆ ಕುಣಿದದ್ದಾಗಿಯೂ ಹೇಳುತ್ತಿದ್ದಳು.

ಒಮ್ಮೆ ಹೊಸ ವಿದ್ಯಾರ್ಥಿನಿಯ ತಾಯಿ ಎಲ್ಲಿ ಕಲಿತಿರೆಂದು ಕೇಳಿದಾಗ, ಅತ್ತೆ ಟ್ರಂಕಿನಿಂದ ಪ್ರದರ್ಶನದ ಕರಪತ್ರಗಳನ್ನು ತೆಗೆದುಕೊಟ್ಟಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಆಗಷ್ಟೇ ಕಲಿತಿದ್ದ ನಾನು ಹೆಸರುಗಳ ಮೇಲೆ ಬೆರಳಾಡಿಸುತ್ತ ಕೊನೆಯವರೆಗೂ ಹೋಗಿ, “ಅತ್ತಿ, ಇದರಾಗ ನಿನ್ನ ಹೆಸರ ಇಲ್ಲಲ್ಲ?” ಎಂದೆ. ಆ ತಾಯಿ ಮಗಳ ಕೈಹಿಡಿದು ಮೆಟ್ಟಿಲಿಳಿದುಹೋದಳು. ಅತ್ತೆ ಕಾಗದ ಮಡಿಚಿಟ್ಟು, “ನಮ್ಮ ಮನ್ಯಾಗ ಫೌಜದಾರ ಹುಟ್ಯಾನ. ಬರ್ರಿ ಸಾಹೇಬ್ರ, ಊಟ ಮಾಡ್ರಿ,” ಎಂದಳು.

ಅವಳೂ ಇಲ್ಲ, ಆ ಮಹಡಿಯೂ ಇಲ್ಲ. ಇಂಥ ಮನೆ ಕಳೆದುಕೊಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅವಳು ಆರಂಭಿಸಿದ ನೃತ್ಯಶಾಲೆಯವರು ಫಲಕ ಹಾಕಿಸಲು ಹೊರಟಾಗ, ನಿವೃತ್ತ ಸಂಶೋಧಕನೆಂದು ಅವಳ ಶಿಕ್ಷಣದ ವಿವರವನ್ನು ನನ್ನಿಂದಲೇ ಕೇಳಿದರು. ಅವಳು ಹೇಳುತ್ತಿದ್ದ ತಿಂಗಳು, ರಂಗಮಂದಿರ ಎಲ್ಲವೂ ಅಂದಿನ ಪತ್ರಿಕೆಗಳೊಡನೆ ತಾಳೆಯಾದವು. ಹೆಸರು ಮಾತ್ರ ಎಲ್ಲಿಯೂ ಸಿಗಲಿಲ್ಲ. ಆಧಾರವಿಲ್ಲವೆಂದು ಬರೆದುಕೊಟ್ಟೆ. ‘ಸ್ವಂತ ಆಸಕ್ತಿಯಿಂದ ಕಲಿತವರು’ ಎಂದು ಅವರು ಕೆತ್ತಿಸಿದರು.

ಕಳೆದ ತಿಂಗಳು ಅಕ್ಕಲಕೋಟೆಯಲ್ಲಿ ಮಗಳ ಮನೆಯಲ್ಲಿರುವ, ತಂದೆಯ ಅಣ್ಣನ ಹೆಂಡತಿ ದೊಡ್ಡವ್ವನನ್ನು ಕಾಣಲು ಹೋದಾಗ ಈ ಮಾತು ಬಂತು. ಮನೆತನದ ಹೆಣ್ಣಿನ ಹೆಸರು ಎಲ್ಲಿಯೂ ಅಚ್ಚಾಗಬಾರದೆಂಬ ಶರತ್ತಿನ ಮೇಲೆಯೇ ಅಜ್ಜ ಮಗಳನ್ನು ಕುಣಿಯಲು ಬಿಟ್ಟಿದ್ದನೆಂದು ಅವಳು ಶೇಂಗಾ ಸುಲಿಯುತ್ತಲೇ ಹೇಳಿದಳು. ಇಷ್ಟು ದಿನ ಏಕೆ ತಿಳಿಸಲಿಲ್ಲವೆಂದು ಸಿಡುಕಿದೆ.

“ನೀ ಊರೂರು ಕಾಗದ ಹುಡುಕ್ಕೋತ ಹೋದಿ. ನನ್ನ ಯಾವಾಗ ಕೇಳಿದ್ಯಪಾ?”

ಮನೆಗೆ ಬಂದು ಕಡತ ಬಿಚ್ಚಿದೆ. ಒಂದು ಪತ್ರಿಕಾ ವರದಿ ಹನ್ನೆರಡು ನರ್ತಕಿಯರನ್ನು ಹೊಗಳಿತ್ತು. ಅದೇ ಪ್ರದರ್ಶನದ ಕರಪತ್ರದಲ್ಲಿ ಹನ್ನೊಂದೇ ಹೆಸರುಗಳಿದ್ದವು. ಅಂಚಿನಲ್ಲಿ ನನ್ನದೇ ಅಕ್ಷರ: ‘ವರದಿಗಾರನ ಎಣಿಕೆ ತಪ್ಪಿದೆ.’ ಇದನ್ನೆಲ್ಲ ವಿವರಿಸಿ, ಫಲಕ ತಿದ್ದಿಸಿರೆಂದು ನೃತ್ಯಶಾಲೆಯ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅತ್ತೆಯನ್ನು ಕಂಡೇ ಇರದ ಆ ತರುಣಿ ವಿನಯದಿಂದಲೇ ಕೇಳಿದಳು: “ಖರೆ ಇರಬಹುದ್ರಿ ಸರ್. ಆದ್ರ ಹನ್ನೆರಡನೇದವ್ರು ಅವ್ರೇ ಅನ್ನಾಕ ಪುರಾವಾ ಏನೈತ್ರಿ?” ಇದೇ ಪ್ರಶ್ನೆ ಕೇಳಿ ನಾನು ಎಷ್ಟೋ ಜನರ ಬರಹಗಳನ್ನು ಹಿಂದಿರುಗಿಸಿದ್ದೆ.

ನಿನ್ನೆ ಸಂಜೆ ನೃತ್ಯಶಾಲೆಗೆ ಹೋಗಿದ್ದೆ. ಫಲಕದ ಕೆಳಗೆ ಹುಡುಗಿಯರು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದರು. ಈ ಇಂದೂಬಾಯಿ ಯಾರ ಹತ್ತಿರವೂ ಕಲಿಯದೆಯೇ ಇಷ್ಟೆಲ್ಲ ಕಲಿತಿದ್ದರಂತೆ ಎಂದು ಒಬ್ಬಳು ಗೆಳತಿಗೆ ಮೆಚ್ಚುಗೆಯಿಂದ ಹೇಳುತ್ತಿದ್ದಳು. ನಾನು ಅವಳನ್ನು ತಿದ್ದದೆ ಮೆಟ್ಟಿಲಿಳಿದೆ.