ಡ್ರೈವಿನ ದೀಪವೂ ಉರಿಯಿತು, ನನ್ನ ಹೊಟ್ಟೆಯೂ

ಜೇವರ್ಗಿಯ ಬಸಲಿಂಗಪ್ಪ ಮಾಸ್ತರರ ಕೈಬರಹ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಹೌದು, ಇದೇ ಪತ್ರಿಕೆಯಲ್ಲಿ ಗುರುವಾರ ಬರೆಯುತ್ತಾರಲ್ಲ, ಅವರೇ. (ನನ್ನದು ಭಾನುವಾರ. ನೆನಪಿದೆ ತಾನೇ?) ರೂಲು ಹಾಳೆ, ಮಸಿ ಪೆನ್ನು. ಬರೆದದ್ದನ್ನು ಬಸ್ ಕಂಡಕ್ಟರನ ಕೈಗೆ ಕೊಟ್ಟು ಗುಲ್ಬರ್ಗಾದ ಪತ್ರಿಕಾ ಕಚೇರಿಗೆ ಕಳಿಸುತ್ತಾರೆ. ಸಂಪಾದಕರು ಒಮ್ಮೆ ನನ್ನೆದುರೇ ಆ ಹಾಳೆ ಎತ್ತಿ ಹಿಡಿದು, ‘ಏನ್ ಮುತ್ತಿನಂಥಾ ಅಕ್ಷರ ನೋಡ್ರಿ!’ ಎಂದರು. ಅದೇ ವಾರ ನಾನು ಕಂಪ್ಯೂಟರ್ ಕೊಂಡೆ. ಪ್ರಿಂಟ್ ತೆಗೆದು ಕಳಿಸತೊಡಗಿದೆ.

ಅಷ್ಟಕ್ಕೇ ಸುಮ್ಮನಿದ್ದೆನೇ? ಮೊನ್ನೆ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದೆ. ಅದಕ್ಕಾಗಿ ನಮ್ಮೂರು ಆಳಂದಕ್ಕೆ ಬಂದಿದ್ದ ಮೆಕ್ಯಾನಿಕ್ ರಫೀಕ್ ಮೊದಲೇ ಎಚ್ಚರಿಸಿದ್ದ: ‘ಹಾರ್ಡ್ ಡಿಸ್ಕ್ ಪೂರಾ ಸಾಫ್ ಮಾಡ್ತೇನ್ರಿ ಸರ್. ಬೇಕಾದ್ದು ಕಾಪಿ ಮಾಡಿ ಇಟ್ಕೋರಿ.’ ಈ ವಾರದ ಅಂಕಣವೂ ಸೇರಿದಂತೆ ಎಲ್ಲವನ್ನೂ ಹೊರಗಿನ ಡ್ರೈವಿನ ಡಿಸ್ಕಿಗೆ ತುಂಬಿಸಿದೆ. (ಫ್ಲಾಪಿಗಿಂತ ದಪ್ಪ, ಬೇಕೆಂದಾಗ ಹೊರತೆಗೆಯುವಂಥದ್ದು. ಮಾಸ್ತರರ ಹತ್ತಿರ ಇಲ್ಲ!)

ಹೊಸ ಸಿಸ್ಟಂ ಬಂತು. ಡ್ರೈವ್ ಮಾತ್ರ ನಾಪತ್ತೆ! ಹಸಿರು ದೀಪ ಉರಿಯುತ್ತಿದೆ, ಕೇಬಲ್ ಭದ್ರವಾಗಿದೆ, ಪರದೆಯ ಮೇಲೆ ಅದರ ಹೆಸರೇ ಇಲ್ಲ. ಆಫ್ ಮಾಡಿ ಆನ್ ಮಾಡಿದೆ. ಡಿಸ್ಕ್ ತೆಗೆದು ಊದಿ ಹಾಕಿದೆ. (ನೀವು ಊದುವುದಿಲ್ಲವೇ?) ಡ್ರೈವನ್ನು ಸಿಸ್ಟಮ್ಮಿಗೆ ಪರಿಚಯಿಸುವ ಸಾಫ್ಟ್‌ವೇರಿಗೆ ಡ್ರೈವರ್ ಅನ್ನುತ್ತಾರೆ. ಅದರ ಹಳೆಯ ಫ್ಲಾಪಿ ಹುಡುಕಿ ಹಾಕಿದರೆ, ಹೊಸ ಸಿಸ್ಟಂ ಅದನ್ನು ಒಪ್ಪಲೇ ಇಲ್ಲ. ಎಸ್‌ಟಿಡಿ ಬೂತಿಗೆ ಓಡಿ ರಫೀಕನಿಗೆ ಫೋನ್ ಮಾಡಿದೆ.

‘ಹೊಸ ಡ್ರೈವರ್ ಹೈದ್ರಾಬಾದಿಂದ ತರಿಸ್ಬೇಕ್ರಿ ಸರ್. ನಾಕ್ ದಿನ ತಡೀರಿ.’

ನಾಲ್ಕು ದಿನ? ಮಧ್ಯಾಹ್ನದ ಬಸ್ಸಿಗೆ ಅಂಕಣ ಹೋಗಬೇಕು! ಬೂತಿನಿಂದಲೇ ಸಂಪಾದಕರಿಗೆ ವಿಷಯ ತಿಳಿಸಿದರೆ ಅವರು ತಣ್ಣಗೆ, ‘ಚಿಂತಿ ಮಾಡಬ್ಯಾಡ್ರಿ. ಮಾಸ್ತರ್ದು ಒಂದು ಜಾಸ್ತಿ ಬಂದದ. ನಿಮ್ಮ ಜಾಗಾಕ್ಕ ಅದನ್ನೇ ಹಾಕ್ತೇವಿ’ ಎಂದರು.

ನನ್ನ ಭಾನುವಾರ! ಮಾಸ್ತರರಿಗೆ!

ಮನೆಗೆ ಬಂದು ಹೆಂಡತಿಯ ಎದುರು ಕೂತೆ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಆ ಅಂಕಣವನ್ನು ಬರೆದ ದಿನವೇ ಅವಳಿಗೆ ಪೂರ್ತಿ ಓದಿ ಹೇಳಿದ್ದೆ.

‘ಮಹಾದೇವಿ, ಏನ್ ಬರ್ದಿದ್ದೆ ಹೇಳು. ಮತ್ತ ಬರೀತೇನಿ.’

‘ಅದು... ಸಮಾಜದ ಬಗ್ಗೆ ಇತ್ತಲ್ರಿ?’

‘ಸಮಾಜದ ಬಗ್ಗೆ ಏನು?’

‘ಚಲೋ ಇತ್ರಿ.’

ಪಾಪ, ಅವಳ ನೆನಪಿನ ಶಕ್ತಿಯೇ ಅಷ್ಟು ಎಂದುಕೊಳ್ಳುವಷ್ಟರಲ್ಲಿ ಅವಳ ಮುಖ ಅರಳಿತು. ‘ಮಾಸ್ತರ್ದು ಒಂದಿತ್ತು ನೋಡ್ರಿ! ನೆಲೋಗಿ ಬಸ್ಸಿನ್ಯಾಗ ಆ ಮುದುಕಿ ಹುಂಜ ತೊಡಿ ಮ್ಯಾಲ ಇಟ್ಕೊಂಡು, “ಇದು ಸೀಟ್ ಕೇಳಂಗಿಲ್ಲಪಾ, ಟಿಕೇಟ್ ಯಾಕ?” ಅಂದದ್ದು...’ ನಕ್ಕ ರಭಸಕ್ಕೆ ಮೊರ ಅಲುಗಿ ಬೇಳೆ ನೆಲಕ್ಕೆ ಚೆಲ್ಲಿತು. ಅದು ಬಂದು ಮೂರು ತಿಂಗಳಾಗಿದೆ!

‘ನಿಮ್ಮದು ನೀವೇ ಬರ್ದೀರಿ, ನಿಮಗ ನೆನಪಿಲ್ಲೇನ್ರಿ?’ ಎಂದಳು, ಬೇಳೆ ಬಳಿಯುತ್ತ.

ಇರಲಿಲ್ಲ. ಆಣೆಗೂ ಒಂದು ಸಾಲೂ ಇರಲಿಲ್ಲ.

ಅವಳ ಪೆನ್ನು ಇಸಿದುಕೊಂಡು, ರೂಲು ಹಾಳೆಯ ಮೇಲೆ ಇದನ್ನು ಬರೆದು ಕಂಡಕ್ಟರನ ಕೈಗೆ ಕೊಡುತ್ತಿದ್ದೇನೆ. ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಕಂಪೋಸ್ ಮಾಡುವವರು ಕ್ಷಮಿಸಬೇಕು.

ಈಗ ನೀವು ಹೇಳಿ, ಈ ಬರಹದ ಮೊದಲ ಸಾಲು ನೆನಪಿದೆಯೇ? ನೆನಪಿದ್ದರೂ ಏನು ಬಂತು, ಅದರಲ್ಲೂ ಇರುವುದು ಮಾಸ್ತರರೇ!