ಹಿಟ್ಟು ಉಬ್ಬುವಷ್ಟು ಹೊತ್ತಿನ ಪಾಠ

ಸೆಫ್ರೂ ಪಟ್ಟಣದಲ್ಲಿ ನಸುಕು ಹರಿಯುತ್ತಿದೆ. ಕೇರಿಯ ಒಲೆಮನೆಗೆ ಹೆಂಗಸರು ಒಬ್ಬೊಬ್ಬರಾಗಿ ರೊಟ್ಟಿಹಿಟ್ಟಿನ ಹಲಗೆ ತಂದಿಟ್ಟು ಹಿಂಗೋಣೆಗೆ ನುಗ್ಗುತ್ತಾರೆ. ಹಿಟ್ಟು ಉಬ್ಬುವಷ್ಟು ಹೊತ್ತು ಅಲ್ಲಿ ಬತೂಲ್ ಅಕ್ಷರ ಕಲಿಸುತ್ತಾರೆ; ಎಲ್ಲರ ಬಾಯಲ್ಲೂ ಅವರು ಲಲ್ಲಾ, ಅಂದರೆ ಅಮ್ಮನವರು. ಬಾಯಲ್ಲಿ ಪಾಠ, ಕೈಯಲ್ಲಿ ರೇಷ್ಮೆ ನೂಲು. ನಿಲುವಂಗಿಗೆ ಗುಂಡಿ ಹೆಣೆಯುವುದೇ ಅವರ ಹೊಟ್ಟೆಪಾಡು, ಪಾಠಕ್ಕೆ ಕೂಲಿಯಿಲ್ಲ.

ಇವತ್ತು ಒಂದು ಹಲಗೆಯ ಹೊದಿಕೆ ಬಟ್ಟೆ, ಅದು ಯಾರ ಮನೆಯದೆಂಬ ಗುರುತು, ಕಾಣೆಯಾಗಿದೆ. "ಇದು ಯಾರ ಮನೇದೋ ಏನೋ!" ಎಂದು ರೊಟ್ಟಿ ಸುಡುವ ಅಲ್ಲಾಲ್ ಗೊಣಗುತ್ತಾನೆ.

"ಸೋಂಪು ಹಾಕಿದೆ, ಖದೂಜ್ ಹಲಗೆ ಪಕ್ಕಾನೇ ಇದೆ. ಜೊತೇಲಿ ಬರೋ ಅವಳ ನಾದಿನೀದೇ, ಇನ್ಯಾರದು?" ಎನ್ನುತ್ತಾಳೆ ಪಾಠಕ್ಕೆ ಬಂದ ಇತ್ತೊ.

"ನೋಡಿದ್ರೇನ್ರೇ? ಗೊತ್ತಿಲ್ಲದ ಪದಾನೂ ಹೀಗೇ. ಅಕ್ಕಪಕ್ಕ ಯಾರಿದಾರೆ ಅಂತ ನೋಡಿ," ಎನ್ನುತ್ತಾರೆ ಬತೂಲ್.

"ಊಹೆ ತಪ್ಪಿದ್ರೆ, ಲಲ್ಲಾ?"

"ರೊಟ್ಟಿ ಬೇರೆ ಮನೆಗೆ ಹೋದ್ರೆ ಅವ್ರು ಬಾಯಿ ಮಾಡಲ್ವಾ? ವಾಕ್ಯಾನೂ ಬಾಯಿ ಮಾಡುತ್ತೆ. ಮುಂದೆ ಓದು, ವಾಪಸ್ ಬಾ, ತಿದ್ದಿಕೋ."

ಇತ್ತೊ ಸಾರ್ವಜನಿಕ ಸ್ನಾನಗೃಹದಲ್ಲಿ ಹೆಂಗಸರ ಮೈ ತಿಕ್ಕುವವಳು. ಅವಳ ಮನೆಮಾತು ಬೆಟ್ಟದ ಕಡೆಯದು, ಪುಸ್ತಕದ ಅರಬ್ಬಿ ಅವಳಿಗೆ ಪರದೇಶ. ಹೊಸ ಪದ ಬಂತೋ, ಮೊಂಡು ಕತ್ತೆಯ ಹಾಗೆ ಅಲ್ಲೇ ನಿಂತುಬಿಡುತ್ತಾಳೆ. ಬತೂಲ್ ಕೂಡ ಒಂದು ಕಾಲಕ್ಕೆ ಹಾಗೇ ನಿಂತವರು. ಮದುವೆಗೆ ಶಾಲೆ ಬಿಟ್ಟು, ಮೂರು ಮಕ್ಕಳಾದ ಮೇಲೆ ಹಟ ಹಿಡಿದು ಓದು ಕಲಿತ ಜೀವ ಅದು.

ಈ ವಾರ ಹಟಕ್ಕೇ ಪರೀಕ್ಷೆ. ಕೋಣೆ ಕೇರಿಯ ಸಂಘದ್ದು, ಷರತ್ತೂ ಅವರದೇ. ಕಲಿಯುವವರಲ್ಲಿ ಒಬ್ಬಳಾದರೂ ಹಿಂದೆ ಕಾಣದ ಪುಟವೊಂದನ್ನು ಓದಿ ಅರ್ಥ ಹೇಳಬೇಕು, ಇಲ್ಲದಿದ್ದರೆ ಕೋಣೆ ಹಿಟ್ಟಿನ ಗೋದಾಮಾಗುತ್ತದೆ. ಓದುವಾಗ ಮೇಷ್ಟ್ರಮ್ಮ ಒಳಗಿರುವಂತಿಲ್ಲ.

"ಬೀದೀಲಿ ಕೂತಾದ್ರೂ ಕಲಿಸ್ತೀನಿ, ಆದ್ರೆ ಚಳೀಲಿ ಇವ್ರು ಬರಬೇಕಲ್ಲ," ಎನ್ನುತ್ತಾರೆ ಬತೂಲ್.

ಗುರುವಾರ ಸಂಘದಾಕೆ ಬಂದು ಪುಟವನ್ನು ಇತ್ತೊಳ ಕೈಗೇ ಕೊಡುತ್ತಾರೆ. ಬತೂಲ್ ಬಾಗಿಲಾಚೆ ನಿಲ್ಲುತ್ತಾರೆ. ಪಾಪ, ಬೆರಳಲ್ಲಿ ನೂಲು ಸಿಕ್ಕುಗಟ್ಟಿದೆ.

"ಬಾವಿಯ ನೀರು ಕಲುಷಿತವಾಗಿತ್ತು," ಎಂದು ಓದಿ ಇತ್ತೊ ‘ಕಲುಷಿತ’ ಎಂಬ ಹೊಸ ಪದಕ್ಕೆ ತಡವರಿಸುತ್ತಾಳೆ. ಕೊನೆಗೆ, "ತಣ್ಣಗಿತ್ತು ಅಂತ ಇರಬೇಕು," ಎನ್ನುತ್ತಾಳೆ. ಬತೂಲ್ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆದರೆ ಇತ್ತೊ ನಿಲ್ಲುವುದಿಲ್ಲ. "ಅದನ್ನು ಕುಡಿದ ಕುರಿಗಳು ಸತ್ತವು. ಜನ ಬಾವಿಯನ್ನು ಮುಚ್ಚಿದರು... ಅಯ್ಯೋ, ತಡೀರಿ! ತಣ್ಣೀರು ಕುಡಿದು ಕುರಿ ಸಾಯುತ್ತಾ? ನೀರು ಕೆಟ್ಟಿತ್ತು. ಹೊಲಸಾಗಿತ್ತು!"

"ಯಾರು ಹೇಳಿಕೊಟ್ರು?" ಸಂಘದಾಕೆಗೆ ಅನುಮಾನ.

"ಯಾರೂ ಇಲ್ಲಮ್ಮ. ಸತ್ತ ಕುರಿಗಳೇ ಹೇಳಿದ್ವು."

ನಗುತ್ತಲೇ ಸಂಘದಾಕೆ ಕೋಣೆಯ ಬೀಗದ ಕೈ ತಂದು ಬತೂಲರ ಕೈಗಿಡುತ್ತಾರೆ. ಅಲ್ಲಾಲ್ ಮಾತ್ರ ಕೆಣಕದೆ ಬಿಡುವುದಿಲ್ಲ: "ನಿಮ್ಮ ಹೆಸರೇ ಎತ್ತಲಿಲ್ಲವಲ್ಲ ಲಲ್ಲಾ, ಕುರಿಗೆ ಸಿಕ್ತು ಮರ್ಯಾದೆ!"

ಬತೂಲ್ ಮುಖ ಅರಳಿದೆ. "ಯಾರೂ ಹೇಳಿಕೊಡಲಿಲ್ಲ ಅಂದಳಲ್ಲ. ಅದನ್ನು ಕೇಳೋಕ್ಕೇ ಇಷ್ಟು ವರ್ಷ ಕಾದೆ ಕಣಯ್ಯಾ."